ಕಿವುಡು ತಂತಿ

“ಎಲ್ಲಕ್ಕಿಂತ ಚೆನ್ನಾಗಿ ಕೇಳಿಸೋದು ಯಾವುದೋ ಅದನ್ನ ಕಟ್ಟಿ ಸರ್. ಮೂರು ಮೂರು ಸುರುಳಿ ಯಾಕೆ?”

ಎಸ್‌ಐ ಪ್ರೇಮಲತಾ ಕೈಗಡಿಯಾರ ನೋಡಿಕೊಂಡು ಕೇಳಿದಳು. ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಬಿ.ಜಿ. ಕೆರೆಯ ಹಿಂದಿನ ಗುಡ್ಡದ ಹಾಸುಬಂಡೆಯ ಮೇಲೆ ಕಂಬಳಿ ಹಾಸಿ, ಅದರ ಮೇಲೆ ಮೂರು ತಂತಿ ಸುರುಳಿಗಳನ್ನು ಸೀರೆ ಅಂಗಡಿಯವನಂತೆ ಹರವಿಕೊಂಡು ಕೂತಿದ್ದರು ಜಂಬುಲಿಂಗಪ್ಪ.

“ಚೆನ್ನಾಗಿ ಕೇಳಿಸೋದು ನಮಗೆ ಬ್ಯಾಡ ಮೇಡಂ. ನಮಗೆ ಬೇಕಾಗಿರೋದು ಕಿವುಡು ತಂತಿ.”

“ಕಿವುಡಾ?”

“ಹ್ಞೂಂ. ಕುಮಟಾದ ಕಡೆಯಿಂದ ಬಂದದ್ದು ಅದಕ್ಕೆ ಕೇಳಿಸಬಾರದು. ಅಂಥದ್ದು.”

ಈ ಮುದುಕರ ಜೊತೆ ವಾದ ಮಾಡುವುದಕ್ಕಿಂತ ಅವರು ಕೂತ ಬಂಡೆಯ ಜೊತೆ ಮಾಡುವುದು ಮೇಲು ಎಂದು ಪ್ರೇಮಲತಾ ಮೂರೇ ದಿನದಲ್ಲಿ ಕಲಿತಿದ್ದಳು. ಪೊಲೀಸ್ ವೈರ್‌ಲೆಸ್‌ನಲ್ಲಿ ಮೂವತ್ತೈದು ವರ್ಷ ದುಡಿದು, ಚಳ್ಳಕೆರೆಯಲ್ಲಿ ಮನೆ ಕಟ್ಟಿಕೊಂಡು, ಮನೆಗಿಂತ ಎತ್ತರದ ಕಂಬವನ್ನು ಮನೆಯ ಮೇಲೆ ನಿಲ್ಲಿಸಿಕೊಂಡ ಮನುಷ್ಯ. ಬಿಡಿಸಲಾಗದ ಗಂಟು ಬಂದರೆ ಇವರನ್ನು ಕರೆಸುವುದು ಠಾಣೆಯ ವಾಡಿಕೆ. ಕರೆಸಿದ ಮೇಲೆ ಬೈಸಿಕೊಳ್ಳುವುದೂ ವಾಡಿಕೆಯೇ.

ಈ ಸಲದ ಗಂಟು ಓಬಯ್ಯ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವುದು ಅವನ ಕಸುಬು. ಲೈಸೆನ್ಸ್ ಪಡೆದು ಸ್ವಂತ ರೇಡಿಯೊ ಸೆಟ್ಟಿನಲ್ಲಿ ಊರೂರಿನವರ ಜೊತೆ ಮಾತಾಡುವುದು ಅವನ ಹುಚ್ಚು. ಮೊಬೈಲು ಮನೆಯಲ್ಲೇ ಬಿಟ್ಟು, ರೇಡಿಯೊ ಚೀಲ ಹೆಗಲಿಗೇರಿಸಿ ಹೊರಟವನು ಮರಳದೆ ಇಂದಿಗೆ ಒಂಬತ್ತು ದಿನ. ಆದರೆ ಎರಡನೇ ದಿನದಿಂದ ತಪ್ಪದೆ, ಬೆಳಿಗ್ಗೆ ಏಳಕ್ಕೆ ಸರಿಯಾಗಿ, ಅವನ ಹೆಸರಿನಲ್ಲಿ ಗಾಳಿಯಲ್ಲಿ ಸುದ್ದಿ ಬರುತ್ತಿತ್ತು. ಬಾಯಿಮಾತಲ್ಲ, ಮೋರ್ಸ್, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ, ಬರೀ ಗಿಡ್ಡ ಉದ್ದದ ಕೂಗು. “ಕುಮಟಾದಲ್ಲಿದ್ದೇನೆ. ಆರಾಮ. ಹುಡುಕಬೇಡಿ.”

ಇಷ್ಟು ಸಾಕಲ್ಲ ಎಂದಿದ್ದರು ಮೇಲಿನವರು. ತಾನಾಗಿ ಹೋದ ಗಂಡಸು, ತಾನಾಗಿ ಸುದ್ದಿ ಕೊಡುತ್ತಿದ್ದಾನೆ, ಇವತ್ತು ಮಧ್ಯಾಹ್ನದೊಳಗೆ ಫೈಲು ಮುಚ್ಚಿ. ಮುಚ್ಚಬೇಡಿ ಎಂದು ಎಂಟು ದಿನದಿಂದ ಠಾಣೆಯ ಮೆಟ್ಟಿಲ ಮೇಲೆ ಕೂತವಳು ಒಬ್ಬಳೇ ಒಬ್ಬಳು, ಓಬಯ್ಯನ ಹೆಂಡತಿ ಹೊನ್ನಕ್ಕ. ಮೂರು ದಿನದಿಂದ ಅವಳ ಪರವಾಗಿ ಠಾಣೆಯಲ್ಲಿ ಜಗಳವಾಡುತ್ತಿದ್ದವರು ಜಂಬುಲಿಂಗಪ್ಪ.

ಅವಳೀಗ ಕಂಬಳಿಯ ತುದಿಯಲ್ಲಿ ಕೂತು ಸುರುಳಿಗಳನ್ನೇ ನೋಡುತ್ತಿದ್ದಳು. ಫೈಲು ಮುಚ್ಚಿದರೆ ಗಂಡನನ್ನು ಹುಡುಕುವವರು ಈ ಭೂಮಿಯ ಮೇಲೆ ಯಾರೂ ಇರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಕೈಯಲ್ಲಿದ್ದದ್ದು ಇದೊಂದೇ ಬೆಳಗು.

“ಹೊನ್ನಕ್ಕ, ನಿನ್ನೆ ಹೇಳಿದ್ದನ್ನ ಇನ್ನೊಂದ್ಸಲ ಹೇಳಮ್ಮ,” ಎಂದರು ಜಂಬುಲಿಂಗಪ್ಪ. “ಮನೇಲಿ ಯಾವ್ಯಾವು ಉಳಿದಾವೆ?”

“ಕೆಂಪು ದಾರದ್ದು, ಬಿಳೀ ದಾರದ್ದು. ಎರಡೂ ಮೊಳೆಗೆ ನೇತಾಡ್ತಾವೆ. ಕರೀ ದಾರ ಕಟ್ಟಿದ್ದು ಇಲ್ಲ.”

“ಕೇಳಿದ್ರಾ ಮೇಡಂ? ಇವು ಮೂರೂ ನನ್ನವು, ಅವನ ಮನೆಯವುಗಳ ಜೋಡಿ. ಅಳತೆ ಕೊಟ್ಟೋನು ನಾನೇ. ಈಗ ನೋಡ್ರಿ.”

ಮೊದಲು ಕೆಂಪು ಸುರುಳಿ ಎತ್ತಿದರು. “ಇದು ಇಪ್ಪತ್ತು ಮೀಟರು. ಒಂದೇ ಮರ ಸಾಕು. ಕವಣೆ ಬೀಸಿ ದಾರ ದಾಟಿಸಿ, ಒಂದು ತುದಿ ಮೇಲೆ, ಒಂದು ತುದಿ ಸೆಟ್ಟಿಗೆ. ಸೋಮಾರಿಗಳ ತಂತಿ. ಎಲ್ಲಾ ಕಡೇದೂ ಅಷ್ಟಿಷ್ಟು ಕೇಳಿಸ್ತೈತೆ. ಎಲ್ಲಾ ಕೇಳಿಸೋ ತಂತಿ ಸಾಕ್ಷಿಗೆ ಬರಂಗಿಲ್ಲ.”

ಕೆಂಪು ಚೀಲದೊಳಗೆ ಹೋಯಿತು.

“ಈ ಬಿಳೀದು ಹತ್ತು ಮೀಟರು ಆ ಕಡೆ, ಹತ್ತು ಮೀಟರು ಈ ಕಡೆ. ಆಳೆತ್ತರಕ್ಕೆ ಬಟ್ಟೆ ಒಣಗಾಕೋ ಹಗ್ಗದಂಗೆ ಎಳೀಬೇಕು. ಮಲಗಿಸಿದ ತಂತಿ ಇದು, ಆಕಾಶ ನೋಡ್ತೈತೆ. ಇನ್ನೂರು ಮುನ್ನೂರು ಕಿಲೋಮೀಟರ್ ದೂರದಿಂದ ಮೇಲಕ್ಕೆ ಹೋಗಿ ಬಾಗಿ ಇಳಿಯೋ ಮಾತನ್ನ ಹಿಡಿಯೋದು ಇದೇ. ಕರೀದು ಹತ್ತೇ ಮೀಟರು, ನೆಟ್ಟಗೆ ನಿಲ್ಲಿಸೋದು, ಬುಡದಲ್ಲಿ ನೆಲದ ಮೇಲೆ ನಾಲ್ಕು ಎಳೆ ಹರಡೋದು. ಇದರ ತಲೆ ಮೇಲೆ ಏನು ಬಿದ್ರೂ ಗೊತ್ತಾಗಲ್ಲ. ನೆಲ ಸವರ್ಕೊಂಡು ಹತ್ತಿರದಿಂದ ಬರೋದು ಮಾತ್ರ ಚೆನ್ನಾಗಿ ಕೇಳಿಸ್ತೈತೆ. ಈಗ ನೀವೇ ಹೇಳ್ರಿ. ಕುಮಟಾಕ್ಕೆ ಹೋಗಿ ಅಲ್ಲಿಂದ ದಿನಾ ಈ ಕಡೆಗೆ ಸುದ್ದಿ ಕಳಿಸಬೇಕು. ಯಾವುದನ್ನ ಒಯ್ತೀರಿ?”

“ಬಿಳೀದು.”

“ಪಾಸು! ಓಬಯ್ಯ ಒಯ್ದದ್ದು ಕರೀದು. ಮದುವೆಗೆ ಹೊರಟೋನು ಗುದ್ದಲಿ ಹೆಗಲಿಗೆ ಹಾಕ್ಕೊಂಡು ಹೋದಂಗಾತು.”

“ಗಡಿಬಿಡೀಲಿ ತಪ್ಪಿರಬಹುದು ಸರ್.”

“ದಿನಾ ಮೋಟಾರು ಸುತ್ತೋನು ಮೇಡಂ ಅವನು. ಕತ್ತಲಲ್ಲಿ ಕೊಟ್ರೂ ಬೆರಳಲ್ಲಿ ಸವರಿ ಯಾವ ಗೇಜು, ಎಷ್ಟು ದಪ್ಪ ಅಂತ ಹೇಳ್ತಾನೆ. ಅವನು ಎಲ್ಲಿ ಬೇಕಾದ್ರೂ ತಪ್ತಾನೆ, ತಂತೀಲಿ ತಪ್ಪಂಗಿಲ್ಲ.”

ಹೊನ್ನಕ್ಕ ಹೌದೆಂಬಂತೆ ತಲೆ ಆಡಿಸಿದಳು. ಎಂಟು ದಿನಗಳಲ್ಲಿ ಯಾರೋ ಒಬ್ಬರು ತನ್ನ ಗಂಡನ ಬುದ್ಧಿಯ ಬಗ್ಗೆ ಒಳ್ಳೆಯ ಮಾತಾಡಿದ್ದು ಇದೇ ಮೊದಲು. ಅವಳ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಏದುಸಿರು ಬಿಡುತ್ತಾ ಮಾರುತೇಶ ಗುಡ್ಡ ಹತ್ತಿ ಬಂದ. ಮೊಳಕಾಲ್ಮುರಿನ ರೇಷ್ಮೆ ಮಗ್ಗದವನು, ಮೂವತ್ತು ದಾಟಿಲ್ಲ. ಓಬಯ್ಯನ ಮನೆಯ ನಡುಮನೆಯಲ್ಲಿ ಎರಡು ವರ್ಷ ಕೂತು ಮೋರ್ಸ್ ಕಲಿತವನು, ಅವನ ಏಕೈಕ ಶಿಷ್ಯ. ಹೆಗಲ ಮೇಲೆ ಕುರಿಯವರಿಂದ ಕೇಳಿ ತಂದ ಉದ್ದನೆಯ ಬಿದಿರಿನ ದೋಟಿ ಇತ್ತು; ಅವರು ಮರದ ಸೊಪ್ಪು ಎಳೆದು ಕುರಿಗೆ ಹಾಕುವ ಗಳ.

“ಸಾರ್, ದೋಟಿ ಏನೋ ತಂದೆ. ಆದ್ರೆ ಇದೆಲ್ಲ ಯಾಕೆ? ಬಿಳೀದೊಂದು ಎಳೆದ್ರೆ ಸಾಕಲ್ವಾ? ಕುಮಟಾದ್ದು ಅದರಲ್ಲೇ ಚೆನ್ನಾಗಿ ಬರ್ತೈತೆ.”

“ನಿನಗೆ ಯಾರು ಹೇಳಿದ್ರಲೇ ಅದು ಕುಮಟಾದ್ದು ಅಂತ?”

“ಅವರೇ ಹೇಳ್ತಾರಲ್ಲ ಸಾರ್, ದಿನಾ.”

“ದಿನಾ ಹೇಳಿದ್ದಕ್ಕೇ ನನಗೆ ಅನುಮಾನ. ನಡಿ, ಆ ಗುಂಡಿನ ಮೇಲೆ ಹತ್ತು.”

ಮೂರಾಳೆತ್ತರದ ಗುಂಡುಕಲ್ಲು ಪಕ್ಕದಲ್ಲೇ ಇತ್ತು. ಮಾರುತೇಶ ಅದನ್ನು ಹತ್ತಿ, ಬಿರುಕಿಗೆ ದೋಟಿ ನಿಲ್ಲಿಸಿ, ಹಗ್ಗ ಬಿಗಿದು ಇಳಿದ. ದೋಟಿಯ ಕೊಕ್ಕೆಯಿಂದ ಕರೀ ತಂತಿ ನೆಟ್ಟಗೆ ಕೆಳಗಿಳಿಯಿತು. ಬುಡದ ನಾಲ್ಕು ಎಳೆಗಳನ್ನು ಜಂಬುಲಿಂಗಪ್ಪನವರೇ ಬಂಡೆಯ ಮೇಲೆ ಹರಡಿ, ಗಾಳಿಗೆ ಹಾರದಂತೆ ಒಂದೊಂದಕ್ಕೂ ಕಲ್ಲು ಹೇರಿದರು. ಬಿಳಿಯದನ್ನು ಒಂದು ಸೀಮೆಜಾಲಿಗೂ ಇನ್ನೊಂದಕ್ಕೂ ನಡುವೆ ಎಳೆದದ್ದಾಯಿತು. ಎರಡೂ ಬಂದು ಒಂದು ಸಣ್ಣ ಡಬ್ಬಿಗೆ ಸೇರಿದವು. ಡಬ್ಬಿಯ ಮೇಲೊಂದು ಸ್ವಿಚ್ಚು: ಎಡಕ್ಕೆ ಹಾಕಿದರೆ ಬಿಳಿ, ಬಲಕ್ಕೆ ಹಾಕಿದರೆ ಕರಿ.

“ಮೊದಲು ಒರೆಗಲ್ಲಿಗೆ ಹಚ್ಚೋಣ,” ಎಂದು ಅವರು ಸೆಟ್ಟಿನ ಗುಂಡಿ ತಿರುಗಿಸಿದರು.

ಆರೂ ನಲವತ್ತಕ್ಕೆ ಹುಬ್ಬಳ್ಳಿಯ ಬೊಮ್ಮಣ್ಣ ಹೇಳಿದ ಹಾಗೇ ಗಾಳಿಗೆ ಬಂದ. ಜಂಬುಲಿಂಗಪ್ಪನವರ ಹಳೆಯ ಗೆಳೆಯ, ನಿವೃತ್ತ ಮೇಷ್ಟ್ರು. ಬಿಳಿಯದರಲ್ಲಿ ಅವನು ಮಾತಿನ ನಡುವೆ ಕೆಮ್ಮಿದ್ದು, ಹೆಂಡತಿಗೆ ಚಹಾ ಕೇಳಿದ್ದು ಕೂಡ ಸ್ಪಷ್ಟವಾಗಿತ್ತು. ಸ್ವಿಚ್ಚು ಬಲಕ್ಕೆ ಹಾಕಿದ ಕೂಡಲೇ ಅದೇ ಬೊಮ್ಮಣ್ಣ ಕಂಬಳಿ ಹೊದ್ದು ಹಿತ್ತಲಲ್ಲಿ ಕೂತವನ ಹಾಗೆ ಆಗಿಬಿಟ್ಟ. ಎಡ, ಬಲ, ಎಡ, ಬಲ. ನಾಲ್ಕು ಸಲವೂ ಹಾಗೇ.

ಪ್ರೇಮಲತಾಳಿಗೆ ತಟ್ಟನೆ ಹೊಳೆಯಿತು. ನಿದ್ದೆಗೆಟ್ಟ ಸಿಟ್ಟೆಲ್ಲ ಇಳಿದು ಅವಳು ಮಂಡಿಯೂರಿ ಡಬ್ಬಿಯ ಹತ್ತಿರ ಬಂದಳು.

“ಅಂದ್ರೆ ಏಳು ಗಂಟೆಯ ಕೂಗು ಬೊಮ್ಮಣ್ಣನವರ ಥರಾನೇ ಬಂದ್ರೆ, ಅದು ದೂರದ್ದು. ಕುಮಟಾ ಆಗಿರಬಹುದು.”

“ಹೌದು.”

“ಉಲ್ಟಾ ಬಂದ್ರೆ?”

“ಉಲ್ಟಾ ಬಂದ್ರೆ ಈ ಗುಡ್ಡದಿಂದ ಹತ್ತು ಹನ್ನೆರಡು ಮೈಲಿ ಒಳಗೇ ಅದಾನೆ. ಅವನೋ, ಅವನ ಸೆಟ್ಟೋ.”

“ಅವರ ಸೆಟ್ಟು ಮಾತ್ರ ಅಂದ್ರೆ ಏನ್ರಿ ಸಾರ್?” ಎಂದಳು ಹೊನ್ನಕ್ಕ.

ಮಾರುತೇಶ ಆಚೆ ತಿರುಗಿ, ಕೆಳಗಿನ ಈರುಳ್ಳಿ ಹೊಲಗಳಲ್ಲಿ ಏನನ್ನೋ ಹುಡುಕುವವನಂತೆ ನಿಂತ.

ಏಳಕ್ಕೆ ಇನ್ನು ಐದು ನಿಮಿಷವಿರುವಾಗ ಮೇಲಿನಿಂದ ಸರ್ರನೆ ಸದ್ದಾಯಿತು. ದೋಟಿ ಗುಂಡಿನ ಮೇಲಿಂದ ಜಾರಿ ಬಂಡೆಗೆ ಬಡಿದು ಉರುಳಿತು. ಕರೀ ತಂತಿ ಸೀಮೆಜಾಲಿಯ ಮುಳ್ಳಿಗೆ ಸಿಕ್ಕಿಕೊಂಡಿತು.

“ಗಾಳಿ ಸಾರ್,” ಎಂದ ಮಾರುತೇಶ. “ಗಾಳಿ ಜಾಸ್ತಿ ಐತೆ ಇಲ್ಲಿ. ಇನ್ನು ಟೈಮಿಲ್ಲ, ಬಿಳೀದರಲ್ಲೇ ಕೇಳೋಣ.”

ಪ್ರೇಮಲತಾ ಎದ್ದು ನಿಂತಳು. ದೂರದ ದಿಬ್ಬದ ಮೇಲೆ ಸಾಲಾಗಿ ನಿಂತಿದ್ದ ಗಾಳಿಯಂತ್ರಗಳನ್ನು ತೋರಿಸಿದಳು. ಹನ್ನೊಂದು ಯಂತ್ರ. ಒಂದರ ರೆಕ್ಕೆಯೂ ಅಲುಗುತ್ತಿರಲಿಲ್ಲ.

“ಗಾಳಿಗಾಗಿ ಕೋಟಿಗಟ್ಟಲೆ ಸುರಿದು ಅಷ್ಟೆತ್ತರ ನಿಲ್ಲಿಸಿದ್ದಕ್ಕೆ ಸಿಗದ ಗಾಳಿ ನಿನ್ನ ದೋಟಿಗೆ ಸಿಕ್ತಾ ಮಾರುತೇಶ?”

ಅವನು ತುಟಿ ಒದ್ದೆ ಮಾಡಿಕೊಂಡ. ಅವಳು ದೋಟಿಗೆ ಸುತ್ತಿಕೊಂಡಿದ್ದ ಹಗ್ಗವನ್ನು ಕೈಗೆತ್ತಿಕೊಂಡಳು. ಹಗ್ಗ ಹರಿದಿರಲಿಲ್ಲ, ಸವೆದಿರಲಿಲ್ಲ. ಗಂಟು ತಾನಾಗಿ ಬಿಚ್ಚಿಕೊಂಡಿತ್ತು.

“ವಿಚಾರಣೆಗೆ ನಿಮ್ಮ ಮನೆಗೆ ಬಂದಾಗ ನೋಡಿದೀನಿ. ಮಗ್ಗದಲ್ಲಿ ಹಾಸುನೂಲು ಮುಗಿದಾಗ ಸಾವಿರಾರು ಎಳೆ ಒಂದೊಂದೇ ಹೊಸೆದು ಹೊಸ ನೂಲಿಗೆ ಕೂಡಿಸ್ತೀಯ. ಕೂದಲಿಗಿಂತ ಸಣ್ಣ ಎಳೆ. ಒಂದಾದರೂ ಬಿಚ್ಚಿದ್ದು ನೋಡಲಿಲ್ಲ. ಅಂಥ ಕೈ ಇಷ್ಟು ದಪ್ಪ ಹಗ್ಗಕ್ಕೆ ಹಾಕಿದ ಗಂಟು ಅರ್ಧ ಗಂಟೆಯೊಳಗೆ ಬಿಚ್ಚಿತಾ?”

“ಮೇಡಂ…”

“ಬಿಚ್ಚಲಿ ಅಂತಾನೇ ಹಾಕಿದ್ದು. ಯಾಕೆ?”

“ಲೇ, ಹೇಳಲೇ!” ಜಂಬುಲಿಂಗಪ್ಪನವರ ಕೂಗಿಗೆ ಕೆಳಗೆಲ್ಲೋ ಕುರಿಗಳು ಬೆದರಿದವು.

ಮಾರುತೇಶ ಜಂಬುಲಿಂಗಪ್ಪನವರ ಮುಖ ನೋಡಲಿಲ್ಲ. ಹೊನ್ನಕ್ಕನ ಕಡೆ ತಿರುಗಿ ಕೈ ಮುಗಿದ. “ಅಕ್ಕಾ, ನಿಮ್ಮಾಣೆ, ನಿಮಗೆ ಕೆಟ್ಟದ್ದು ಬಯಸಿಲ್ಲ. ಈ ತಂತಿ ನಿಲ್ಲಿಸಬೇಡಿ ಅನ್ರಿ. ಇಷ್ಟೇ ನಾನು ಹೇಳೋದು.”

ಹೊನ್ನಕ್ಕ ಅವನನ್ನು ದಿಟ್ಟಿಸಿದಳು. ಎರಡು ವರ್ಷ ತನ್ನ ಕೈಯ ರೊಟ್ಟಿ ತಿಂದ ಹುಡುಗ. ಅವಳು ಏನೂ ಹೇಳದೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಳ್ಳಿನಿಂದ ತಂತಿ ಬಿಡಿಸಿ, ದೋಟಿ ಹಿಡಿದು ಗುಂಡು ಹತ್ತಿದಳು. ಮೇಲೆ ನಿಂತು ಗಳವನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದಳು.

“ಹಗ್ಗ ಬ್ಯಾಡ,” ಎಂದಳು. “ನಾನೇ ಹಿಡ್ಕೋತೀನಿ.”

ಏಳು ಗಂಟೆ.

ಮೊದಲು ಬರೀ ಕರಕರ. ಆಮೇಲೆ ಬಂತು. ಉದ್ದ ಗಿಡ್ಡ ಉದ್ದ, ಗಿಡ್ಡ ಗಿಡ್ಡ ಉದ್ದ. ಸ್ವಿಚ್ಚು ಎಡಕ್ಕಿತ್ತು, ಬಿಳೀ ತಂತಿಯಲ್ಲಿ ಕೂಗು ಗೋಡೆಯಾಚೆಯ ಗಡಿಯಾರದಷ್ಟು ಮೆಲ್ಲಗಿತ್ತು. ಜಂಬುಲಿಂಗಪ್ಪ ಉಸಿರು ಬಿಗಿಹಿಡಿದು ಬಲಕ್ಕೆ ಹಾಕಿದರು.

ಸೆಟ್ಟು ಕಿರುಚಿತು. ಪ್ರೇಮಲತಾ ಬೆಚ್ಚಿ ಹಿಂದೆ ಸರಿದಳು. ಅವರು ಸದ್ದು ಇಳಿಸಿದರು, ಮತ್ತೆ ಎಡ, ಮತ್ತೆ ಬಲ. ಎಡಕ್ಕೆ ಹಾಕಿದರೆ ಪಿಸುಮಾತು, ಬಲಕ್ಕೆ ಹಾಕಿದರೆ ಕಿವಿಯ ಪಕ್ಕದಲ್ಲೇ. ದೂರದಿಂದ ಬರುವ ಕೂಗು ಏರಿ ಇಳಿಯುತ್ತದೆ. ಇದು ಒಂದಿಷ್ಟೂ ಏರಲಿಲ್ಲ, ಇಳಿಯಲಿಲ್ಲ.

“ಕುಮಟಾ ಅಲ್ಲ,” ಎಂದಳು ಪ್ರೇಮಲತಾ.

“ಕುಮಟಾ ಅಲ್ಲ,” ಎಂದರು ಜಂಬುಲಿಂಗಪ್ಪ. ಅವರಿಗೆ ಹೆಮ್ಮೆಯಾಗಿತ್ತು. ಅದನ್ನು ಅಡಗಿಸಿಕೊಳ್ಳುವ ಗೋಜಿಗೂ ಅವರು ಹೋಗಲಿಲ್ಲ. “ಈ ಸುತ್ತಿನಾಗೇ.”

“ಇದು ಅವರ ಕೈಯಲ್ಲ.”

ಮಾತು ಮೇಲಿನಿಂದ ಬಂದಿತ್ತು. ಮೂವರೂ ತಲೆಯೆತ್ತಿದರು. ಹೊನ್ನಕ್ಕ ದೋಟಿ ಹಿಡಿದುಕೊಂಡೇ ಕಿವಿಗೊಟ್ಟು ನಿಂತಿದ್ದಳು.

“‘ಹುಡುಕಬೇಡಿ’ ಅಂತ ಬರ್ತೈತಲ್ಲ, ಅದರಾಗೆ ಎಚ್ ಐತೆ. ಎಚ್ಚಿಗೆ ನಾಲ್ಕು ಚುಕ್ಕಿ. ಅವರು ಯಾವತ್ತೂ ಐದು ಹೊಡಿಯೋರು. ಎಷ್ಟು ಸಲ ತಿದ್ದಿದ್ರೂ ಐದೇ. ನಾನು ಈ ಸುದ್ದಿ ಕಿವಿಯಾರೆ ಕೇಳಿದ್ದು ಇವತ್ತೇ, ಇದರಾಗೆ ನಾಲ್ಕೇ ಬರ್ತೈತೆ.”

ಜಂಬುಲಿಂಗಪ್ಪನವರ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. “ಹೊನ್ನಕ್ಕ… ನಿನಗೆ ಮೋರ್ಸ್ ಬರ್ತೈತಾ?”

“ಈ ಮಾರುತೇಶನಿಗೆ ನಡುಮನೇಲಿ ಎರಡು ವರ್ಷ ಪಾಠ ಮಾಡಿದ್ರು. ಅಡುಗೆಮನೆಗೂ ನಡುಮನೆಗೂ ಬಾಗಿಲೆಲ್ಲೈತೆ ಸಾರ್? ರೊಟ್ಟಿ ತಟ್ತಾ ತಟ್ತಾ ನಂಗೂ ಬಂತು.”

“ಓಬಯ್ಯನಿಗೆ ಗೊತ್ತಾ?”

“ಅವರು ಕೇಳಲಿಲ್ಲ. ನಾನು ಹೇಳಲಿಲ್ಲ. ಯಾರೂ ಕೇಳಲಿಲ್ಲ.”

ಪ್ರೇಮಲತಾಳ ಮುಖ ಕೆಂಪಾಯಿತು. ಎಂಟು ದಿನ ಮೆಟ್ಟಿಲ ಮೇಲೆ ಕೂತ ಹೆಂಗಸನ್ನು ಅವಳೂ ಒಂದು ಮಾತು ಕೇಳಿರಲಿಲ್ಲ. ಆ ಸುದ್ದಿಯನ್ನು ಓದಿಸಲು ಚಳ್ಳಕೆರೆಯಿಂದ ಜಂಬುಲಿಂಗಪ್ಪನವರನ್ನು ಜೀಪು ಕಳಿಸಿ ಕರೆಸಿದ್ದಳು.

ಸೆಟ್ಟಿನಲ್ಲಿ ಸುದ್ದಿ ಮೂರನೇ ಸಲ ಸುತ್ತುತ್ತಿತ್ತು. ಜಂಬುಲಿಂಗಪ್ಪ ಕಣ್ಣು ಮುಚ್ಚಿ ಕೇಳಿ ತಲೆದೂಗಿದರು. “ಸರಿ ಹೇಳಿದಳು. ಇದು ಕೈಯೇ ಅಲ್ಲ, ಯಂತ್ರ. ಒಂದು ಸಲ ತುಂಬಿಸಿಟ್ರೆ ಗಂಟೆಗೆ ಸರಿಯಾಗಿ ಅದೇ ಪಾಠ ಒಪ್ಪಿಸ್ತೈತೆ. ಅದಕ್ಕೇ ನಾನು ಮೂರು ದಿನ ಕರೆದ್ರೂ ಒಂದು ಉತ್ತರ ಬರಲಿಲ್ಲ.”

“ಹಾಗಾದ್ರೆ ಅಲ್ಲಿ ಮನುಷ್ಯ ಇದ್ದಾನೋ ಇಲ್ವೋ…” ಪ್ರೇಮಲತಾ ಮಾತು ಅರ್ಧಕ್ಕೆ ನುಂಗಿದಳು.

ಹೊನ್ನಕ್ಕ ಗುಂಡಿನ ಮೇಲಿಂದ ಕೇಳಿದಳು, “ನಾನು ಕರೀಲಾ?”

“ಲೈಸೆನ್ಸ್ ಇಲ್ದೆ ಕೀ ಮುಟ್ಟಂಗಿಲ್ಲಮ್ಮ. ಕಾನೂನು.”

“ಕಾನೂನು ನಾನು ನೋಡ್ಕೋತೀನಿ ಸರ್,” ಎಂದು ಪ್ರೇಮಲತಾ ಬೂಟು ಕಳಚಿದಳು. ಬರಿಗಾಲಲ್ಲಿ ಗುಂಡು ಹತ್ತಿ, ಹೊನ್ನಕ್ಕನ ಕೈಯಿಂದ ದೋಟಿ ತೆಗೆದುಕೊಂಡಳು.

ಕೂಗು ನಿಂತಿತು. ಏಳು ಗಂಟೆ ಐದು ನಿಮಿಷ. ಹೊನ್ನಕ್ಕ ಕೆಳಗಿಳಿದು ಕಂಬಳಿಯ ಮೇಲೆ ಕೂತು ಮೋರ್ಸ್ ಒತ್ತುವ ಕೀಯ ಮೇಲೆ ಬೆರಳಿಟ್ಟಳು. ಅವಳು ಜನ್ಮದಲ್ಲಿ ಒಂದು ಅಕ್ಷರ ಕಳಿಸಿದವಳಲ್ಲ, ಬರೀ ಕೇಳಿದವಳು. ಮೊದಲ ಅಕ್ಷರ ಕೆಟ್ಟಿತು. ನಿಲ್ಲಿಸಿ, ಬೆರಳನ್ನು ಸೀರೆಗೆ ಒರೆಸಿಕೊಂಡು ಮತ್ತೆ ಶುರು ಮಾಡಿದಳು. ಮನೆಯಲ್ಲಿ ಗಂಡ ಕರೆಯುತ್ತಿದ್ದ ಹೆಸರು, ಮನೆಯ ಹೊರಗೆ ಯಾರಿಗೂ ಗೊತ್ತಿಲ್ಲದ್ದು: ಹೊನ್ನಿ.

ಮೌನ.

ಮತ್ತೆ ಹೊಡೆದಳು. ಹೊನ್ನಿ. ಹೊನ್ನಿ.

ಕರಕರ ಬಿಟ್ಟರೆ ಬೇರೇನೂ ಇಲ್ಲ. ಜಂಬುಲಿಂಗಪ್ಪ ಕರವಸ್ತ್ರ ತೆಗೆದು ಹಣೆ ಒರೆಸಿದರು. ಒಂದು ನಿಮಿಷವಾಯಿತು. ಎರಡಾಯಿತು. ಹೊನ್ನಕ್ಕ ಕೀಯಿಂದ ಕೈ ಹಿಂದೆ ತೆಗೆದಳು.

ಆಗ ಬಂತು. ನಿಧಾನವಾಗಿ, ತಡವರಿಸುತ್ತಾ, ಬ್ಯಾಟರಿ ಸೊರಗಿದ ಸೆಟ್ಟಿನ ಸಣ್ಣ ದನಿಯಲ್ಲಿ. ಗಿಡ್ಡ, ಗಿಡ್ಡ, ಗಿಡ್ಡ, ಗಿಡ್ಡ.

ಮತ್ತೊಂದು ಗಿಡ್ಡ.

ಐದು.

“ಅವರೇ!” ಎಂದಳು ಹೊನ್ನಕ್ಕ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅಳುತ್ತಲೇ ಕೇಳಿಸಿಕೊಂಡಳು.

“ಹೊನ್ನಿ, ನಿನಗಿದು ಬರುತ್ತಾ?”

ಅವಳಿಗೆ ನಗು ಬಂತು. ಅದರ ಬೆನ್ನಿಗೇ ಸಿಟ್ಟು ಬಂತು. ಎಂಟು ದಿನ ಅನ್ನ ಬಿಟ್ಟು, ಕಂಡ ಕಂಡ ದೇವರಿಗೆ ಹರಕೆ ಹೊತ್ತು ಕೂತಿದ್ದಳು. ಈ ಮನುಷ್ಯ ನಡೆದು ಬರುವ ದೂರದಲ್ಲಿ ಕೂತು ಯಂತ್ರದ ಕೈಯಲ್ಲಿ ಸುಳ್ಳು ಹೇಳಿಸುತ್ತಿದ್ದ. ಸಿಕ್ಕಲಿ, ಮೊದಲು ಕಪಾಳಕ್ಕೆ, ಆಮೇಲೆ ಮಾತು ಎಂದುಕೊಂಡಳು. ಆದರೂ ಬದುಕಿದ್ದಾನೆ. ಬದುಕಿದ್ದಾನೆ ಎಂಬುದೊಂದೇ ಅವಳ ಮೈತುಂಬ ಓಡುತ್ತಿತ್ತು.

ಮಾರುತೇಶ ಕುಸಿದು ಕೂತು ಮಂಡಿಯ ನಡುವೆ ಮುಖ ಹುದುಗಿಸಿದ್ದ.

“ಏನಂತೆ? ಏನಂತಾನೆ?” ಮೇಲಿನಿಂದ ಪ್ರೇಮಲತಾ ಕೂಗಿದಳು. ದೋಟಿ ಬಿಟ್ಟರೆ ತಂತಿ ಬೀಳುತ್ತದೆ. ಅವಳು ಅಲ್ಲಾಡುವ ಹಾಗಿರಲಿಲ್ಲ. ಅಲ್ಲಿಂದ ಅವಳಿಗೆ ಕಾಣುತ್ತಿದ್ದದ್ದು ಮೂರು ನೆತ್ತಿ ಮಾತ್ರ.

“ತಡೀರಿ, ಇನ್ನೂ ಬರ್ತೈತೆ,” ಎಂದರು ಜಂಬುಲಿಂಗಪ್ಪ.

ಬರುತ್ತಿತ್ತು. ಒಂದೊಂದೇ ಅಕ್ಷರ, ನಡುನಡುವೆ ಬ್ಯಾಟರಿ ಸಾಯುವ ಸೊರಗು. ಗುಡ್ಡದ ಮೇಲೆ ಆ ಭಾಷೆ ಬಲ್ಲವರು ಮೂವರು. ಮೂವರೂ ಒಟ್ಟಿಗೇ ಓದುತ್ತಿದ್ದರು.

“ಹುಡುಕಿಕೊಂಡು ಬರಬೇಡ. ಮಾರುತೇಶ ಹೇಳಿದಂತೆ ಕೇಳು.”

ಸ್ವಲ್ಪ ಹೊತ್ತು ಬಿಡುವು. ಆಮೇಲೆ ಅವಸರದಲ್ಲಿ, ಬ್ಯಾಟರಿ ಮುಗಿಯುವುದರೊಳಗೆ ಹೇಳಿಬಿಡಬೇಕೆಂಬವನ ಹಾಗೆ:

“ಜಂಬುಲಿಂಗಪ್ಪನವರನ್ನು ನಂಬಬೇಡ. ಅವರಿಂದಲೇ ನಾನು ಇಲ್ಲಿ…”

ಕೂಗು ಕ್ಷೀಣಿಸಿ ಕರಕರದೊಳಗೆ ಮುಳುಗಿತು. ಮತ್ತೆ ಏಳಲಿಲ್ಲ.

ಹೊನ್ನಕ್ಕ ತಲೆಯೆತ್ತಲಿಲ್ಲ. ಅವಳ ಕಣ್ಣೆದುರಿಗೆ ಒಂದು ಮೊಳ ದೂರದಲ್ಲಿ ಸೆಟ್ಟಿನ ಗುಂಡಿಯ ಮೇಲೆ ಜಂಬುಲಿಂಗಪ್ಪನವರ ಕೈ ಇತ್ತು. ಈ ಮನುಷ್ಯನೇ ಅಲ್ಲವೇ ಫೈಲು ಮುಚ್ಚಲು ಬಿಡದೆ ಅವಳ ಪರವಾಗಿ ಠಾಣೆಯಲ್ಲಿ ಜಗಳವಾಡಿದ್ದು? ತನ್ನ ಗಂಡನನ್ನು ಹುಡುಕಬೇಕೆಂಬ ಹಟ ತನ್ನಷ್ಟೇ ಇವರಿಗೂ ಯಾಕಿತ್ತು ಎಂದು ಅವಳು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಗಂಡ ಎಂಟು ದಿನ ಸುಳ್ಳು ಹೇಳಿದವನು. ಒಂಬತ್ತನೇ ದಿನ ಹೇಳಿದ್ದು ನಿಜವೆಂದು ಹೇಗೆ ನಂಬುವುದು?

“ಹೊನ್ನಕ್ಕ!” ಪ್ರೇಮಲತಾ ತಾಳ್ಮೆಗೆಟ್ಟು ಕೂಗಿದಳು. “ನಿಂತುಹೋಯ್ತಲ್ಲ. ಏನಂದ್ರು?”

ಹೊನ್ನಕ್ಕ ಕಣ್ಣೊರೆಸಿಕೊಂಡು ಎದ್ದಳು. ಎಂಟು ದಿನದಿಂದ ಬೇಡಿದ್ದಕ್ಕೆ ತಾನೇ ಕೈಯಾರೆ ಬೆಂಕಿ ಇಡಬೇಕಾಗಿತ್ತು. ಅವಳ ದನಿ ಅಲುಗಲಿಲ್ಲ.

“ಅರಾಮದೀನಿ ಅಂದ್ರು ಮೇಡಂ. ಮನಸ್ಸಿಗೆ ಬೇಜಾರಾಗಿ ತಾನಾಗೇ ಬಂದೀನಿ, ನಾಲ್ಕು ದಿನ ಬಿಟ್ಟು ಬರ್ತೀನಿ ಅಂದ್ರು. ಫೈಲು ಮುಚ್ಚಿಬಿಡ್ರಿ.”

“ಅಷ್ಟೇನಾ? ಅಷ್ಟೊತ್ತು ಬಂತಲ್ಲ?”

“ಅಷ್ಟೇ.”

ಪ್ರೇಮಲತಾಳಿಗೆ ಸಮಾಧಾನವಾಗಲಿಲ್ಲ. ಮೊದಲ ಬಾರಿಗೆ ಕೀ ಮುಟ್ಟಿದ ಹೆಂಗಸು, ಅಳುತ್ತಾ ಕೇಳಿಸಿಕೊಂಡವಳು. ಒಂದೆರಡು ಮಾತು ತಪ್ಪಿರಬಹುದು. ಅವಳು ದೋಟಿಯ ಮೇಲಿನ ಹಿಡಿತ ಬದಲಿಸಿ, ಅಂಚಿಗೆ ಬಗ್ಗಿ, ಆ ಭಾಷೆಯಲ್ಲಿ ಮೂವತ್ತೈದು ವರ್ಷ ಪಳಗಿದವರನ್ನು ಕೇಳಿದಳು.

“ಸರ್, ನೀವು ಹೇಳಿ. ಬೇರೆ ಏನಾದ್ರೂ ಬಂತಾ?”

ಮಾರುತೇಶ ಮಂಡಿಯಿಂದ ಮುಖ ಎತ್ತಿದ. ಒಂದು ಚುಕ್ಕಿ ತಪ್ಪಿದರೂ ಎದುರಿನವರ ಜನ್ಮ ಜಾಲಾಡುವ ಜಂಬುಲಿಂಗಪ್ಪನವರು ಸೆಟ್ಟಿನ ಗುಂಡಿ ತಿರುಗಿಸಿ ಕರಕರ ಆರಿಸಿದರು. ಕರೀ ತಂತಿಯ ತುದಿಯನ್ನು ಡಬ್ಬಿಯಿಂದ ಕಳಚಿದರು. ಆಮೇಲೆ ತಲೆಯೆತ್ತದೆಯೇ ಹೇಳಿದರು.

“ಇಲ್ಲ ಮೇಡಂ. ಅಷ್ಟೇ ಬಂದದ್ದು.”

ಗಂಡನ ಮಾತನ್ನು ಹೊನ್ನಕ್ಕ ನಂಬಿದ್ದು ಆಗ.